ನನ್ನ ಎಡಗಾಲು ಮತ್ತು ಅವರ ಏರ್ ಫಿಲ್ಟರು

ಒಂದು ಚಳಿಗಾಲ ಯಲ್ಲಾಪುರದಲ್ಲಿ ನನ್ನ ಎಡಗಾಲಿನ ಬಗ್ಗೆ ಮಾತುಕತೆ ನಡೆಯಿತು. ಕಾಲಿಗೆ ಏನೂ ಆಗಿರಲಿಲ್ಲ. ಕಾರು ಓಡಿಸುವಾಗ ನಾನು ಅದನ್ನು ಕ್ಲಚ್ಚಿನ ಮೇಲಿಂದ ಎತ್ತುವುದೇ ಇಲ್ಲ, ಹಾಗಾಗಿಯೇ ನಮ್ಮ ಕಾರು ಏರು ಹತ್ತುತ್ತಿಲ್ಲ ಎಂದು ನಮ್ಮನೆಯವರು ತೀರ್ಪು ಕೊಟ್ಟಿದ್ದರು. ಅವರು ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ಗಾಳಿ, ಬೆಂಕಿ, ಒತ್ತಡ, ವೇಗ ಎಲ್ಲವೂ ಅವರ ಸುಪರ್ದಿಗೆ ಸೇರಿದ್ದು ಎಂದು ಊರು ನಂಬಿತ್ತು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಇಂಜಿನ್ನಿನ ವಿಷಯದಲ್ಲಿ ನನ್ನ ಮಾತನ್ನು ಯಾರು ಕೇಳಬೇಕು?

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇವತ್ತಿಗೂ ಈ ಕಥೆ ಹೇಳಹೊರಟರೆ ಕಿವಿ ಬಿಸಿಯಾಗುತ್ತದೆ. ಆದರೂ ಹೇಳುತ್ತೇನೆ. ಇಲ್ಲದಿದ್ದರೆ ಅವರು ಇದನ್ನು ಬೇರೆಯದೇ ರೀತಿಯಲ್ಲಿ ಹೇಳಿಕೊಂಡು ತಿರುಗುತ್ತಾರೆ.

ಕಾರು ನನಗೆ ಯಾಕೆ ಬೇಕಿತ್ತು ಎಂಬುದನ್ನು ಮೊದಲು ಹೇಳಿಬಿಡಬೇಕು. ನನ್ನ ಶಾಲೆ ಇದ್ದದ್ದು ವಜ್ರಳ್ಳಿಯ ಹತ್ತಿರ. ಎಂಟು ವರ್ಷ ಬಸ್ಸಿನಲ್ಲಿ ಓಡಾಡಿದೆ. ಬಸ್ಸಿನಲ್ಲಿ ಅರ್ಧ ಜನ ನನ್ನ ವಿದ್ಯಾರ್ಥಿಗಳು, ಉಳಿದರ್ಧ ಅವರ ಅಪ್ಪ ಅಮ್ಮಂದಿರು. ಹತ್ತಿದ ಕೂಡಲೇ ‘ಅಕ್ಕೋರೇ’ ಎಂದು ಶುರು, ನಮ್ಮ ಕಡೆ ಟೀಚರನ್ನು ಕರೆಯುವುದು ಹಾಗೆ. ನಮ್ಮ ಕೂಸು ವ್ಯಾಕರಣದಲ್ಲಿ ಹೇಗೆ, ನಮ್ಮ ಮಾಣಿಗೆ ಪಾಸಾಗುವ ಲಕ್ಷಣ ಇದೆಯೇ, ಹೀಗೆ. ಶಾಲೆಯಲ್ಲಿ ದಿನವಿಡೀ ಅಕ್ಕೋರೇ. ಮನೆಗೆ ಬಂದರೆ ಮಗಳು ‘ಆಯೀ’ ಎನ್ನುತ್ತಾಳೆ, ಅತ್ತೆ ‘ತಂಗೀ’ ಎನ್ನುತ್ತಾರೆ, ನಮ್ಮನೆಯವರು ಹೆಸರೂ ಹಿಡಿಯದೆ, ಸಂಬಂಧವನ್ನೂ ಹೇಳದೆ, ಕೂತಲ್ಲಿಂದಲೇ ‘ಇದೇ, ಕೇಳಿತ್ತಾ?’ ಎನ್ನುತ್ತಾರೆ. ಎಲ್ಲರೂ ಪ್ರೀತಿಯಿಂದಲೇ ಕರೆಯುತ್ತಿದ್ದರು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬೆಳಗಿನಿಂದ ಮಲಗುವವರೆಗೆ ಯಾರಾದರೂ ಕರೆಯುತ್ತಲೇ ಇದ್ದರೆ ಮನುಷ್ಯಳಿಗೆ ತಲೆ ಕೆಡುವುದಿಲ್ಲವೇ?

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾದ ಮೇಲೆ ಹುಬ್ಬಳ್ಳಿಯಿಂದ ಒಂದು ಹಳೆಯ ಪೆಟ್ರೋಲ್ ಕಾರು ತಂದೆವು. ನಮ್ಮನೆಯವರ ಕಾಲೇಜು ಮನೆಯಿಂದ ಹತ್ತು ನಿಮಿಷದ ನಡಿಗೆ, ಮೇಲಾಗಿ ಡಾಕ್ಟರು ಅವರಿಗೆ ನಡೆಯಲು ಹೇಳಿದ್ದರು. ನಾನು ಬೇಸಿಗೆ ರಜೆಯಲ್ಲಿ ಸಿದ್ದಾಪುರದ ತವರುಮನೆಗೆ ಹೋಗಿ, ಅಲ್ಲಿ ತಮ್ಮನ ಕೈಯಲ್ಲಿ ಬೈಸಿಕೊಂಡು ಡ್ರೈವಿಂಗ್ ಕಲಿತು ಬಂದೆ. ಜೂನ್ ತಿಂಗಳಿನಿಂದ ಕಾರು ವಾರದ ದಿನಗಳಲ್ಲಿ ನನ್ನದು, ಭಾನುವಾರ ಅವರದ್ದು ಎಂದಾಯಿತು. ಬೆಳಿಗ್ಗೆ ಶಾಲೆಗೆ ನಲವತ್ತು ನಿಮಿಷ. ಆ ನಲವತ್ತು ನಿಮಿಷದಲ್ಲಿ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಮೊಬೈಲು ಬಂದಿತ್ತು, ಆದರೆ ಆ ದಾರಿಯಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ, ದೇವರು ದೊಡ್ಡವನು. ಹಾಡು ಹೇಳಿಕೊಳ್ಳುತ್ತಿದ್ದೆ. ಹೆಡ್‌ಮಾಸ್ತರರಿಗೆ ಎದುರಿಗೆ ಹೇಳಲಾಗದ್ದನ್ನೆಲ್ಲ ಸ್ಟೇರಿಂಗಿಗೆ ಹೇಳುತ್ತಿದ್ದೆ. ಕೆಲವೊಮ್ಮೆ ಏನೂ ಯೋಚಿಸದೆ ಹೋಗುತ್ತಿದ್ದೆ. ಇಡೀ ದಿನದಲ್ಲಿ ನಾನು ನಾನೇ ಆಗಿರುತ್ತಿದ್ದದ್ದು ಅಷ್ಟು ಹೊತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ಶಾಲೆಗೆ ಬೇಗ ಮುಟ್ಟುತ್ತೇನೆ, ಸಂಜೆ ಬೇಗ ಬಂದು ಅಡುಗೆ ಮಾಡುತ್ತೇನೆ ಎಂದಷ್ಟೇ ಹೇಳಿದ್ದೆ. ಮನೆಯವರಿಗೆ ಆ ಭಾಷೆ ಅರ್ಥವಾಗುತ್ತದೆ.

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಜುಲೈನಲ್ಲಿ ನಮ್ಮನೆಯವರು ಹುಬ್ಬಳ್ಳಿಯಿಂದ ಒಂದು ಏರ್ ಫಿಲ್ಟರ್ ತಂದರು.

ಕಾರಿಗೆ ಕಂಪನಿಯವರು ಕೊಟ್ಟ ಫಿಲ್ಟರ್ ಇತ್ತು. ಕರಿಯ ಪ್ಲಾಸ್ಟಿಕ್ ಡಬ್ಬಿಯೊಳಗೆ ಮಡಿಕೆ ಮಡಿಕೆಯಾದ ಕಾಗದದ ಫಿಲ್ಟರ್. ಇಂಜಿನ್ನು ಎಳೆದುಕೊಳ್ಳುವ ಗಾಳಿಯನ್ನು ಅದು ಸೋಸಿ ಕೊಡುತ್ತದೆ. ಇವರು ತಂದದ್ದು ಡಬ್ಬಿಯೇ ಇಲ್ಲದ, ಬರಿ ಮೈಯ ಫಿಲ್ಟರ್. ಕೆಂಪು ಹತ್ತಿಬಟ್ಟೆ, ಅದರ ಮೇಲೆ ತಂತಿಯ ಬಲೆ, ತುದಿಗೆ ಮುಖ ಕಾಣುವಷ್ಟು ಹೊಳೆಯುವ ಟೊಪ್ಪಿ. ಇಂಜಿನ್ನೂ ನಮ್ಮ ಹಾಗೆ ಉಸಿರಾಡುತ್ತದೆ, ಕಂಪನಿ ಡಬ್ಬಿ ಎಂದರೆ ಓಡುವ ಮನುಷ್ಯನ ಮೂಗಿಗೆ ಟವೆಲ್ ಕಟ್ಟಿದ ಹಾಗೆ, ಇದು ಬಂದರೆ ಟವೆಲ್ ಬಿಚ್ಚಿದ ಹಾಗೆ ಎಂದು ಊಟದ ಹೊತ್ತಿಗೆ ಪಾಠವಾಯಿತು. ಜೀವಮಾನವಿಡೀ ಬದಲಿಸುವುದೇ ಬೇಡವಂತೆ, ತೊಳೆದು ಎಣ್ಣೆ ಹಾಕಿದರೆ ಸಾಕಂತೆ. ಎಣ್ಣೆಗೆ ಧೂಳು ಅಂಟಿಕೊಂಡು ಅಲ್ಲೇ ನಿಲ್ಲುತ್ತದಂತೆ. ಅದಕ್ಕೆಂದೇ ಒಂದು ಚಿಕ್ಕ ಬಾಟಲಿಯಲ್ಲಿ ಕೆಂಪೆಣ್ಣೆಯನ್ನೂ ಕೊಟ್ಟಿದ್ದರು.

ಆ ವರ್ಷಗಳಲ್ಲಿ ನಮ್ಮ ಹೆದ್ದಾರಿಯಲ್ಲಿ ಅದಿರು ಲಾರಿಗಳು ಸಾಲುಗಟ್ಟಿ ಬಂದರಿನ ಕಡೆ ಹೋಗುತ್ತಿದ್ದವು. ರಸ್ತೆಬದಿಯ ಮರ, ಮನೆ, ಎಮ್ಮೆ ಎಲ್ಲ ಕೆಂಪು. ನನ್ನ ಬಿಳಿ ಸೀರೆಗಳು ಆ ಕಾಲದಲ್ಲೇ ಸತ್ತವು. ಹಾಗಾಗಿ ನಾನು ಕೇಳಿದೆ, ಗಾಳಿ ಜಾಸ್ತಿ ಹೋದರೆ ಧೂಳೂ ಜಾಸ್ತಿ ಹೋಗುವುದಿಲ್ಲವೇ ಎಂದು. ಹತ್ತಿ ನಾಲ್ಕು ಪದರ ಇದೆ ಎಂದರು. ಡಬ್ಬಿ ಇಲ್ಲದಿದ್ದರೆ ಇಂಜಿನ್ನಿನ ಪಕ್ಕದ ಬಿಸಿಗಾಳಿಯನ್ನೇ ಎಳೆಯುವುದಿಲ್ಲವೇ ಎಂದೆ.

“ನಿಂಗೆ ಅದು ಅರ್ಥ ಆಗ್ತಿಲ್ಲೆ ಮಾರಾಯ್ತಿ” ಎಂದರು ಅವರು, ಮಜ್ಜಿಗೆ ಬಡಿಸಿಕೊಳ್ಳುತ್ತ.

ಫಿಲ್ಟರ್ ಹಾಕಿದ ಮೇಲೆ ಕಾರಿನ ದನಿ ಬದಲಾಯಿತು. ಆಕ್ಸಿಲರೇಟರ್ ಒತ್ತಿದರೆ ‘ಗೂಂ’ ಎಂದು ದೊಡ್ಡ ಉಸಿರು ಎಳೆಯುವ ಶಬ್ದ. ವೇಗ ಮೊದಲು ಎಷ್ಟಿತ್ತೋ ಅಷ್ಟೇ ಇತ್ತು. ನಮ್ಮನೆಯವರು ಮಾತ್ರ ಆ ಶಬ್ದವನ್ನೇ ಶಕ್ತಿ ಎಂದು ತಿಳಿದರು. ಭಾನುವಾರ ಪೇಟೆಯಲ್ಲಿ ಸುಮ್ಮನೆ ಎರಡು ಸುತ್ತು ಹಾಕಿ ಬಂದು, ಎಷ್ಟು ಹಗುರಾಗಿದೆ ನೋಡು ಎನ್ನುತ್ತಿದ್ದರು. ಹಳೆಯ ಕರಿ ಡಬ್ಬಿ ಟೆರೇಸ್ ಸೇರಿತು. ಅತ್ತೆ ಅದಕ್ಕೆ ಮಣ್ಣು ತುಂಬಿ ಮೆಣಸಿನ ಬೀಜ ಹಾಕಿದರು. ಸಸಿ ಚೆನ್ನಾಗಿಯೇ ಬಂದವು.

ಹೀಗೆ ನವರಾತ್ರಿ ಬಂತು. ನಮ್ಮ ಕಡೆ ಆಯುಧಪೂಜೆಗೆ ಮನೆಯ ಕಬ್ಬಿಣದ ಸಾಮಾನನ್ನೆಲ್ಲ ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಹಚ್ಚಿ, ಮಣೆಯ ಮೇಲೆ ಜೋಡಿಸಿ ಇಡುವುದು ಪದ್ಧತಿ. ತೋಟದ ಮನೆಗಳಲ್ಲಾದರೆ ಕತ್ತಿ, ಹಾರೆ, ಗುದ್ದಲಿ ಎಂದು ರಾಶಿ ಬೀಳುತ್ತದೆ. ಪೇಟೆಯ ನಮ್ಮ ಮನೆಯಲ್ಲಿ ಇದ್ದದ್ದು ತರಕಾರಿ ಹೆಚ್ಚುವ ಮೆಟ್ಟುಗತ್ತಿ, ಕಾಯಿ ಸುಲಿಯುವ ಕತ್ತಿ, ನನ್ನ ಹೊಲಿಗೆ ಯಂತ್ರ, ಇವರ ಸ್ಕ್ರೂಡ್ರೈವರುಗಳು. ಮಣೆ ತುಂಬದೆ ಪ್ರತಿ ವರ್ಷ ಅತ್ತೆಗೆ ಬೇಜಾರು. ಈ ಸಲ ನಮ್ಮನೆಯವರು ಫಿಲ್ಟರನ್ನೂ ಬಿಚ್ಚಿ ತಂದರು. ಹೇಗೂ ತೊಳೆದು ಎಣ್ಣೆ ಹಾಕುವುದಿದೆ, ಪೂಜೆಗೆ ಅದೂ ಇರಲಿ ಎಂದು. ನಲ್ಲಿಯ ಕೆಳಗೆ ಹಿಡಿದರೆ ಹೆದ್ದಾರಿಯ ಅರ್ಧ ಮಣ್ಣು ಹರಿದು ಹೋಯಿತು. ಒಣಗಿಸಿದರು. ಎಣ್ಣೆ ಹಾಕಲು ನೋಡಿದರೆ ಕೆಂಪೆಣ್ಣೆಯ ಬಾಟಲಿ ಉರುಳಿ ಖಾಲಿಯಾಗಿತ್ತು.

ಉಮ್ಮಚಗಿಯ ಅವರ ಅಣ್ಣನ ಮನೆಯಿಂದ ವರ್ಷಕ್ಕಾಗುವಷ್ಟು ಕೊಬ್ಬರಿ ಎಣ್ಣೆ ಬರುತ್ತಿತ್ತು. ನಮ್ಮನೆಯವರು ಅದರ ಬಾಟಲಿ ಎತ್ತಿಕೊಂಡರು. ಎಣ್ಣೆ ಎಂದರೆ ಎಣ್ಣೆ, ಅದರ ಕೆಲಸ ಧೂಳು ಹಿಡಿಯುವುದು, ಅಂಗಡಿಯದ್ದಕ್ಕಿಂತ ಮನೆಯದ್ದು ಶುದ್ಧ ಎಂದರು. ಪೂಜೆಯ ಎಣ್ಣೆ ಎಂದ ಮೇಲೆ ಸಾಮಾನು ಹೊಳೆಯಬೇಕು, ಇಲ್ಲದಿದ್ದರೆ ಅತ್ತೆ ಒಪ್ಪುವುದಿಲ್ಲ. ಆದ್ದರಿಂದ ಧಾರಾಳವಾಗಿಯೇ ಹಾಕಿದರು. ಬಟ್ಟೆ ಕುಡಿದಷ್ಟೂ ಹೊಯ್ದರು. ಮಣೆಯ ನಡುವೆ ಅದನ್ನು ನಿಲ್ಲಿಸಿದಾಗ ಅತ್ತೆ ಬಹಳ ಹೊತ್ತು ನೋಡಿದರು. ಉಳಿದ ಸಾಮಾನಿಗೆಲ್ಲ ಒಂದೊಂದು ಬೊಟ್ಟು ಕುಂಕುಮ, ಇದಕ್ಕೆ ಮಾತ್ರ ಮೂರು, ತಲೆಯ ಮೇಲೊಂದು ಸೇವಂತಿಗೆ. ನಿಜ ಹೇಳಬೇಕೆಂದರೆ ನನಗೂ ಚೆಂದವೇ ಕಂಡಿತು. ಒಳ್ಳೇ ಪರಿಮಳ ಎಂದು ಬೇರೆ ಹೇಳಿದೆ. ಆಮೇಲೆ ಅವರು ಇದನ್ನು ಎಷ್ಟು ಸಲ ಎತ್ತಿ ಆಡಿದ್ದಾರೋ ಲೆಕ್ಕವಿಲ್ಲ.

ತಿಂಗಳೊಪ್ಪತ್ತು ಏನೂ ಆಗಲಿಲ್ಲ. ನವೆಂಬರ್ ಅರ್ಧ ಕಳೆದ ಮೇಲೆ ಚಳಿ ಹಿಡಿಯಿತು. ಹತ್ತನೇ ತರಗತಿಗೆ ಬೆಳಗಿನ ವಿಶೇಷ ಪಾಠ ಶುರುವಾದ್ದರಿಂದ ನಾನು ಏಳೂವರೆಗೇ ಮನೆ ಬಿಡುತ್ತಿದ್ದೆ. ಒಂದು ಬೆಳಿಗ್ಗೆ ಪೇಟೆ ದಾಟಿ ಮೊದಲ ಏರಿಗೆ ಬಂದಾಗ ಕಾರಿನ ಉಸಿರು ಕಟ್ಟಿತು. ಆಕ್ಸಿಲರೇಟರ್ ಒತ್ತಿದರೆ ಗೊರಕೆಯಂಥ ಶಬ್ದ ಮಾತ್ರ, ಚಕ್ರಕ್ಕೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ಥಂಡಿಯಾಗಿ ಮೂಗು ಕಟ್ಟಿದವರ ಹಾಗೆ ಏದುತ್ತ ಫಸ್ಟ್ ಗೇರಿನಲ್ಲಿ ಹತ್ತಿತು. ಹಿಂದೆ ಐದಾರು ಅದಿರು ಲಾರಿ, ಒಂದೇ ಸಮ ಹಾರ್ನು. ಅರ್ಧ ತಾಸಿನ ಮೇಲೆ, ಶಾಲೆ ಇನ್ನೇನು ಬಂತು ಎನ್ನುವಾಗ ಕಾರು ತಾನಾಗಿ ಸರಿಹೋಯಿತು. ಸಂಜೆ ವಾಪಸು ಬರುವಾಗ ಏರೆಲ್ಲ ಸಲೀಸಾಗಿ ಹತ್ತಿತು. ನಡುನಡುವೆ ಸಣ್ಣಗೆ ಜಗ್ಗುತ್ತಿತ್ತು, ಅಷ್ಟೇ.

ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ನನ್ನ ನಲವತ್ತು ನಿಮಿಷದಲ್ಲಿ ಮುಕ್ಕಾಲು ಪಾಲು ದೇವರನ್ನೂ ಲಾರಿಯವರನ್ನೂ ಬೇಡಿಕೊಳ್ಳುವುದಕ್ಕೇ ಹೋಗುತ್ತಿತ್ತು. ಎರಡನೇ ವಾರದಲ್ಲಿ ಮೀಟರಿನ ಪಕ್ಕ ಇಂಜಿನ್ನಿನ ಚಿತ್ರದ ಹಳದಿ ದೀಪವೊಂದು ಹತ್ತಿಕೊಂಡು ಆರಲೇ ಇಲ್ಲ. ನಮ್ಮನೆಯವರಿಗೆ ಹೇಳಿದೆ. ಪೆಟ್ರೋಲ್ ಮುಚ್ಚಳ ಸಡಿಲವಾದರೂ ಅದು ಹತ್ತುತ್ತದೆ ಎಂದರು. ಭಾನುವಾರ ಊಟ ಮಾಡಿ, ಒಂದು ಸಣ್ಣ ನಿದ್ದೆ ತೆಗೆದು, ಮಧ್ಯಾಹ್ನದ ಬಿಸಿಲಿನಲ್ಲಿ ಪರೀಕ್ಷೆಗೆ ಹೊರಟರು. ಅದೇ ಏರು, ಅದೇ ಕಾರು. ಗೂಂ ಎಂದು ಹತ್ತಿಸಿ, ಇಳಿಸಿ, ಮತ್ತೆ ಹತ್ತಿಸಿ ಬಂದು ಚಪ್ಪಲಿ ಕಳಚುತ್ತ, ಇದಕ್ಕೆ ಎಂತದೂ ಆಗಲಿಲ್ಲೆ ಎಂದರು.

ಅಲ್ಲಿಂದ ನನ್ನ ಎಡಗಾಲಿನ ಪುರಾಣ ಶುರುವಾಯಿತು. ತಾನು ಓಡಿಸಿದರೆ ಸರಿ, ನಾನು ಓಡಿಸಿದರೆ ಮಾತ್ರ ಕಾಯಿಲೆ. ಹಾಗಾದರೆ ಬದಲಾಗುವುದು ಯಾವುದು? ಡ್ರೈವರ್. ಹೊಸದಾಗಿ ಕಲಿತವರು ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಇರುತ್ತಾರೆ, ಶಕ್ತಿ ಚಕ್ರಕ್ಕೆ ಹೋಗದೆ ನಡುವೆಯೇ ಸುಟ್ಟು ಹೋಗುತ್ತದೆ. ತರ್ಕ ಕೇಳಲು ಚೊಕ್ಕವಾಗಿತ್ತು. ಮುಂದಿನ ಭಾನುವಾರ ನನ್ನ ಕೈಯಲ್ಲಿ ಓಡಿಸಿ, ತಾವು ಪಕ್ಕದಲ್ಲಿ ಬಗ್ಗಿ ಕೂತು ನನ್ನ ಪಾದವನ್ನೇ ನೋಡಿದರು. ಪಾದ ಕೆಳಗೆ ಮ್ಯಾಟಿನ ಮೇಲಿತ್ತು. ಅದೂ ಮಧ್ಯಾಹ್ನವೇ, ಹಾಗಾಗಿ ಕಾರು ಚೆನ್ನಾಗಿಯೇ ಹೋಯಿತು.

“ಆನು ನೋಡ್ತಾ ಇದ್ದಿ ಹೇಳಿ ಇವತ್ತು ಕಾಲು ತೆಗದ್ದೆ” ಎಂದರು. ತಾವು ನೋಡುತ್ತಿದ್ದಾರೆಂದೇ ನಾನು ಕಾಲು ತೆಗೆದದ್ದಂತೆ.

ನಾನು ಸಿಟ್ಟು ಬಂದರೆ ಪಾತ್ರೆ ತಿಕ್ಕುವವಳು. ಆ ದಿನ ತಿಕ್ಕಿಟ್ಟಿದ್ದ ಪಾತ್ರೆಗಳನ್ನೂ ಇಳಿಸಿ ಮತ್ತೆ ತಿಕ್ಕಿದೆ. ಊರಿನ ಬಾಯಿಯನ್ನು ತಿಕ್ಕಲು ಮಾತ್ರ ಆಗಲಿಲ್ಲ. ಅವರು ಕಾಲೇಜಿನಲ್ಲಿ ಹೇಳಿದ್ದು ಕಾಲೇಜಿನವರ ಹೆಂಡತಿಯರಿಗೆ ಮುಟ್ಟಿ, ಹಾಲು ತರಲು ಹೋದಲ್ಲಿ, ಕಿರಾಣಿ ಅಂಗಡಿಯಲ್ಲಿ ಎಲ್ಲರೂ ನನ್ನ ಕಾಲಿಗೆ ಬುದ್ಧಿ ಹೇಳಿದರು. ಸೈಕಲ್ ತುಳಿಯಲೂ ಬಾರದ ಒಬ್ಬರು ಕ್ಲಚ್ಚನ್ನು ಹೂವಿನ ಹಾಗೆ ಮುಟ್ಟಬೇಕು ಎಂದರು. ಊರಿನ ಗ್ಯಾರೇಜಿನಲ್ಲಿ ನಮ್ಮನೆಯವರೇ ಹೋಗಿ ರೋಗ ಇಂಥದ್ದು ಎಂದು ಹೇಳಿ ಕ್ಲಚ್ ಪ್ಲೇಟ್ ಬದಲಿಸಿಕೊಂಡು ಬಂದರು. ಗ್ಯಾರೇಜಿನವನು ಹಳೆಯದು ಇನ್ನೂ ಚೆನ್ನಾಗಿದೆ ಎಂದನಂತೆ, ಆದರೆ ಲೆಕ್ಚರರೇ ಹೇಳುವಾಗ ಅವನೇನು ಮಾಡಿಯಾನು? ಹೊಸ ಪ್ಲೇಟ್ ಹಾಕಿದ ಮರುದಿನ ಬೆಳಿಗ್ಗೆ ಅದೇ ಏರು, ಅದೇ ಏದುಸಿರು. ಹೊಸದನ್ನೂ ಒಂದೇ ದಿನಕ್ಕೆ ತಿಂದೆ ಎಂಬ ಹೆಸರು ಬಂತು.

ಡಿಸೆಂಬರಿನ ಒಂದು ಶುಕ್ರವಾರ ಸಂಜೆ ಅವರು ಚಾ ಕುಡಿಯುತ್ತ, ಬಹಳ ಶಾಂತವಾಗಿ ಹೇಳಿದರು.

“ಸೋಮವಾರದಿಂದ ನೀ ಬಸ್ಸಿಗೇ ಹೋಗು. ಇಂಜಿನ್ ಪೂರ್ತಿ ಹಾಳಾದ ಮೇಲೆ ಕೂತು ಅಳದು ಬ್ಯಾಡ.”

ಅವರು ಬೈದಿದ್ದರೆ ನಾನೂ ಬೈಯುತ್ತಿದ್ದೆ. ಇಷ್ಟು ಮೆತ್ತಗೆ ಹೇಳಿದವರನ್ನು ಬೈಯುವುದು ಹೇಗೆ? ಮತ್ತೆ ಆ ಬಸ್ಸು, ಮತ್ತೆ ಹತ್ತಿದ ಕೂಡಲೇ ಅಕ್ಕೋರೇ. ಏನು ಹೇಳಿ ಕಾರು ಉಳಿಸಿಕೊಳ್ಳಲಿ? ನನಗೆ ನಲವತ್ತು ನಿಮಿಷ ಒಬ್ಬಳೇ ಇರಬೇಕು ಎಂದು ಹೇಳಿದರೆ ಯಾರಾದರೂ ನಗುವುದಿಲ್ಲವೇ? ಒಳಗೆ ಹೋಗಿ ಪಾತ್ರೆ ತಿಕ್ಕಿದೆ.

ಮರುದಿನ ಶನಿವಾರ, ಬೆಳಗಿನ ಶಾಲೆ, ನನ್ನ ಕೊನೆಯ ಕಾರಿನ ದಿನ. ಆ ವರ್ಷದ ಕಡು ಚಳಿ ಅದೇ ಇರಬೇಕು. ಸ್ನಾನಕ್ಕೆ ಮೊದಲು ತಲೆಗೆ ಹಚ್ಚಲು ಎಣ್ಣೆ ಬಾಟಲಿ ಬಗ್ಗಿಸಿದರೆ ಒಂದು ಹನಿ ಬೀಳಲಿಲ್ಲ. ಬೆಣ್ಣೆಯ ಹಾಗೆ ಬೆಳ್ಳಗೆ ಗಟ್ಟಿಯಾಗಿತ್ತು. ಎಲ್ಲರೂ ಮಾಡುವಂತೆ ಬಚ್ಚಲ ಒಲೆಯ ಪಕ್ಕ ಇಟ್ಟೆ. ಅಂಚಿನಿಂದ ಮೆಲ್ಲಗೆ ಕರಗತೊಡಗಿತು. ಕೂದಲು ಬಿಚ್ಚಿಕೊಂಡು ಅದನ್ನೇ ನೋಡುತ್ತ ಕೂತಿದ್ದೆ. ಬೆಳಿಗ್ಗೆ ಗಟ್ಟಿ, ಬಿಸಿ ತಾಗಿದರೆ ನೀರು. ಬೆಳಿಗ್ಗೆ ಹತ್ತುವುದಿಲ್ಲ, ಮಧ್ಯಾಹ್ನ ಹತ್ತುತ್ತದೆ.

ಬಿಚ್ಚಿದ ಕೂದಲಲ್ಲೇ ಅಂಗಳಕ್ಕೆ ಓಡಿ ಬಾನೆಟ್ ಎತ್ತಿದೆ. ಕೆಂಪು ಫಿಲ್ಟರ್ ಬೆಳ್ಳಗಾಗಿತ್ತು. ಬೆರಳಿನಲ್ಲಿ ಗೀರಿದರೆ ಉಗುರಿನ ತುಂಬ ಎಣ್ಣೆ ಬಂತು. ಮೂಗಿಗೆ ಟವೆಲ್ ಕಟ್ಟಿದರೆ ಹೇಗೋ ಉಸಿರಾಡಬಹುದು, ಇವರು ಮೂಗಿಗೆ ಮೇಣ ತುಂಬಿದ್ದರು.

ಆ ಕ್ಷಣಕ್ಕೇ ಅವರನ್ನು ಹಾಸಿಗೆಯಿಂದ ಎಳೆದು ತಂದು ತೋರಿಸಬೇಕು ಎನ್ನಿಸಿತು. ಬಾಗಿಲವರೆಗೆ ಹೋದೆ ಕೂಡ. ಅಲ್ಲಿ ನಿಂತು, ನನ್ನ ಜೀವನದಲ್ಲಿ ಬಹಳ ಅಪರೂಪಕ್ಕೆ, ಸಿಟ್ಟನ್ನು ನುಂಗಿದೆ. ಬಾನೆಟ್ ಮುಚ್ಚಿ, ಸ್ನಾನ ಮಾಡಿ, ಜಡೆ ಹಾಕಿಕೊಂಡು ಬಂದು, ಇವತ್ತು ನೀವೇ ಶಾಲೆಗೆ ಬಿಟ್ಟು ಬನ್ನಿ, ಕ್ಲಚ್ ಹೇಗೆ ಹಿಡಿಯುವುದು ಎಂದು ಒಮ್ಮೆ ನೋಡಿಯಾದರೂ ಕಲಿಯುತ್ತೇನೆ ಎಂದೆ. ಅವರಿಗೆ ಎಷ್ಟು ಸಂತೋಷವಾಯಿತೆಂದರೆ ಸ್ವೆಟರನ್ನು ತಿರುಗಾಮುರುಗಾ ಹಾಕಿಕೊಂಡು ಬಂದರು.

ಪೇಟೆ ದಾಟುವವರೆಗೂ ಪಾಠ. ಎಡಗಾಲು ಎಂದರೆ ಅತಿಥಿ ಇದ್ದ ಹಾಗೆ, ಬರಬೇಕು, ಕೆಲಸ ಮುಗಿಸಬೇಕು, ಹೋಗಬೇಕು. ಏರು ಬಂತು. ಗೂಂ ಎಂಬ ಶಬ್ದ ಗೊರ್ ಎಂದಾಯಿತು. ಪಾಠ ನಿಂತಿತು. ಮೂರನೇ ಗೇರು, ಎರಡನೇದು, ಒಂದನೇದು. ಹಿಂದಿನಿಂದ ಲಾರಿಗಳ ಹಾರ್ನು. ನಾನು ಮೊದಲು ದಿನವೂ ಹೋಗುತ್ತಿದ್ದ ಬಸ್ಸು ನಮ್ಮನ್ನು ದಾಟಿಕೊಂಡು ಹೋಯಿತು, ಕಿಟಕಿಗಳಿಂದ ನನ್ನ ಮಕ್ಕಳು ಕೈಬೀಸಿದರು. ನಮ್ಮನೆಯವರ ಹಣೆಯಲ್ಲಿ ಆ ಚಳಿಯಲ್ಲೂ ಬೆವರು. ಪೆಟ್ರೋಲಿಗೆ ಏನೋ ಬೆರೆಸಿದ್ದಾರೆ ಎಂದರು. ನಾನು ಮೆಲ್ಲಗೆ ಕೆಳಗೆ ಬಗ್ಗಿ ನೋಡಿದೆ. ಅವರ ಎಡಗಾಲು ಕ್ಲಚ್ಚನ್ನು ಅರ್ಧ ಒತ್ತಿಕೊಂಡೇ ಇತ್ತು.

“ಕಾಲು ತೆಗಿರಿ” ಎಂದೆ.

ಕಾರು ಬದಿಗೆ ನಿಂತ ಮೇಲೆ ಬಾನೆಟ್ ಎತ್ತಿ ತೋರಿಸಿದೆ. ಒಂದು ಮಾತೂ ಆಡಲಿಲ್ಲ, ದೇವರಾಣೆ. ಅವರು ಬೆರಳಿನಲ್ಲಿ ಮುಟ್ಟಿದರು, ಮೂಸಿದರು. ಕೊಬ್ಬರಿ ಎಣ್ಣೆ ಇಪ್ಪತ್ನಾಲ್ಕು ಡಿಗ್ರಿ ಹತ್ತಿರ ಗಟ್ಟಿಯಾಗುತ್ತದೆ ಎಂದು ಫಿಲ್ಟರಿಗೇ ಹೇಳುವವರಂತೆ ಸಣ್ಣ ದನಿಯಲ್ಲಿ ಹೇಳಿದರು. ಇದನ್ನು ಅವರು ಮಕ್ಕಳಿಗೆ ಪ್ರತಿ ವರ್ಷ ಕಲಿಸುತ್ತಾರೆ.

ಇಷ್ಟಕ್ಕೇ ಸೋತರೆಂದು ತಿಳಿಯಬೇಡಿ. ಇಂಜಿನ್ನಿನ ಬಿಸಿಗೆ ಎಣ್ಣೆ ಕರಗಿದ ಮೇಲೆ ನನ್ನನ್ನು ಶಾಲೆಗೆ ಬಿಟ್ಟು ಹೋದವರು, ಮಧ್ಯಾಹ್ನ ಕರೆದುಕೊಂಡು ಹೋಗಲು ಬರುವಷ್ಟರಲ್ಲಿ ಚೇತರಿಸಿಕೊಂಡಿದ್ದರು. ಬೆಳಗಿನ ಏದುಸಿರು ಎಣ್ಣೆಯದ್ದು, ಒಪ್ಪಿದೆ. ಆದರೆ ಸಂಜೆಯ ಹೊತ್ತು ಜಗ್ಗುವುದು, ಹಳದಿ ದೀಪ, ಇವು ಕ್ಲಚ್ಚಿನದ್ದೇ. ಅಂದರೆ ಅರ್ಧ ತಪ್ಪು ನನ್ನದು, ಸೋಮವಾರದ ಬಸ್ಸು ಹಾಗೇ ಇದೆ. ನಾನು ಕಾರು ಹತ್ತಿದವಳು, ಮನೆಗೆ ಬೇಡ, ನೇರ ಶಿರಸಿಗೆ ನಡೆಯಿರಿ ಎಂದೆ. ಅಲ್ಲಿ ಹಾವೇರಿ ಕಡೆಯ ಒಬ್ಬ ಮೇಸ್ತ್ರಿ ಕಾರಿಗೆ ಕಂಪ್ಯೂಟರ್ ಜೋಡಿಸಿ ರೋಗ ಓದುತ್ತಾನೆಂದು ಸ್ಟಾಫ್ ರೂಮಿನಲ್ಲಿ ಕೇಳಿದ್ದೆ.

ಮೇಸ್ತ್ರಿ ನಲವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಯಂತ್ರ ಜೋಡಿಸಿ ನೋಡಿ, ಫಿಲ್ಟರಿನ ಹಿಂದಿನ ಕೊಳವೆಯಿಂದ ಹೆಬ್ಬೆರಳಿನಷ್ಟು ದಪ್ಪದ ಒಂದು ಸಾಮಾನು ಬಿಚ್ಚಿ ತಂದ. ಮೂಸಿ ನೋಡಿ ಮುಖ ಕಿವುಚಿ, ನಮಗೂ ಮೂಸಲು ಕೊಟ್ಟ. ಒಗ್ಗರಣೆ ಸೀದ ವಾಸನೆ.

“ಇದು ಗಾಳಿ ಅಳೆಯೋ ಸೆನ್ಸರ್ ನೋಡ್ರಿ. ಒಳಗ ಸಣ್ಣ ತಂತಿ ಐತಿ, ಯಾವಾಗ್ಲೂ ಕಾದಿರ್ತೈತಿ. ಗಾಳಿ ಬಡದು ಎಷ್ಟು ತಣ್ಣಗಾಕ್ಕೈತಿ ಅನ್ನೋದರ ಮ್ಯಾಲೆ ಎಷ್ಟು ಗಾಳಿ ಬಂತು ಅಂತ ಲೆಕ್ಕ ಹಿಡೀತೈತಿ. ಈಗ ಅದರ ಮ್ಯಾಲೆ ಎಣ್ಣಿ ಕುಂತು ಸುಟ್ಟು ಕರಕಾಗೇತಿ. ಲೆಕ್ಕ ಹೆಂಗ ಸರಿ ಬರಬೇಕ್ರಿ?”

ಗಾಳಿಯ ಲೆಕ್ಕ ತಪ್ಪಿದರೆ ಪೆಟ್ರೋಲಿನ ಲೆಕ್ಕವೂ ತಪ್ಪುತ್ತದೆ, ಜಗ್ಗುವುದೂ ದೀಪ ಹತ್ತುವುದೂ ಅದಕ್ಕೇ ಎಂದು ವಿವರಿಸಿದ. ಕ್ಲಚ್ಚನ್ನೂ ಒಮ್ಮೆ ನೋಡಿ ಎಂದೆ ನಾನು. ಓಡಿಸಿ ನೋಡಿ ಬಂದು, ಅದು ಹೊಸ ಮದುಮಗಳ ಹಾಗಿದೆ ಎಂದ. ಈ ಥರದ ಫಿಲ್ಟರ್ ಹಾಕಿದರೆ ಇಂಜಿನ್ ಹಾಳಾಗುತ್ತದೆಯೇ ಎಂದು ನಾನೇ ಕೇಳಿದೆ, ನಮ್ಮನೆಯವರು ಕೇಳುವ ಸ್ಥಿತಿಯಲ್ಲಿರಲಿಲ್ಲ. ಅವನು ನ್ಯಾಯವಾಗಿಯೇ ಹೇಳಿದ. ಫಿಲ್ಟರಿನದ್ದು ತಪ್ಪೇನಿಲ್ಲ, ಅದರದ್ದೇ ಎಣ್ಣೆಯನ್ನು ಅಳತೆಯಲ್ಲಿ ಹಾಕಿ ಪೂರ್ತಿ ಆರಿಸಿದರೆ ಎಷ್ಟೋ ಕಾರು ಹಾಗೇ ಓಡುತ್ತಿವೆ. ಅದರ ಎಣ್ಣೆಯನ್ನೇ ಜಾಸ್ತಿ ಹಾಕಿದರೂ ಇದೇ ಗತಿ. ಶಬ್ದ ಬಿಟ್ಟರೆ ನಮ್ಮಂಥ ಕಾರಿಗೆ ಅದರಿಂದ ಹೆಚ್ಚಿನ ಲಾಭವೂ ಇಲ್ಲ. ನಿಮ್ಮ ಹೆದ್ದಾರಿಯ ಧೂಳಿಗೆ ಕಂಪನಿ ಡಬ್ಬಿಯೇ ಚಲೋ.

ಆಮೇಲೆ ಸೆನ್ಸರನ್ನು ಬೆಳಕಿಗೆ ಹಿಡಿದು ಕೇಳಿದ, “ಯಾವ ಪುಣ್ಯಾತ್ಮ ಹಚ್ಚಿದ್ರೀ ಇದಕ್ಕ ಕೊಬ್ರಿ ಎಣ್ಣಿ?”

ಬೆಂಚಿನ ಮೇಲೆ ಕಾಯುತ್ತಿದ್ದ ಮೂವರು ಗಿರಾಕಿಗಳೂ ತಿರುಗಿ ನನ್ನನ್ನು ನೋಡಿದರು. ಸೀರೆ ಉಟ್ಟವಳು ನಾನೊಬ್ಬಳೇ ತಾನೇ. ನಮ್ಮನೆಯವರು ಟೈರನ್ನು ನೋಡುತ್ತಿದ್ದರು. ನಾನು ಬಾಯಿ ಬಿಡಲಿಲ್ಲ. ಇವತ್ತು ಇವರು ಸುಮ್ಮನೆ ನಿಂತರೆ ಇನ್ನು ಜೀವನಪರ್ಯಂತ ಇವರ ಯಾವ ಪಾಠವನ್ನೂ ಕೇಳುವುದಿಲ್ಲ ಎಂದುಕೊಂಡೆ.

“ನಾನೇ” ಎಂದರು ಅವರು.

ನನ್ನ ಸಿಟ್ಟು ಅರ್ಧ ಇಳಿದೇ ಹೋಯಿತು. ಪಾಪ ಎನ್ನಿಸಿತು, ಆ ತಿರುಗಾಮುರುಗಾ ಸ್ವೆಟರಿನಲ್ಲಿ. ಮೇಸ್ತ್ರಿ ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಏನು ಉದ್ಯೋಗ ಎಂದು ಕೇಳಿದ. ಕಾಲೇಜಿನಲ್ಲಿ ಲೆಕ್ಚರರ್ ಎಂದರು. ಯಾವ ವಿಷಯ ಎಂದು ಕೇಳಿದ. ನಮ್ಮನೆಯವರು ಕಣ್ಣು ಮಿಟುಕಿಸದೆ ಕನ್ನಡ ಎಂದುಬಿಟ್ಟರು.

“ಹಂಗಾರ ಬಿಡ್ರಿ, ನಿಮಗ ಹೆಂಗ ಗೊತ್ತಾಗಬೇಕು” ಎಂದ ಮೇಸ್ತ್ರಿ, ಬಹಳ ಕರುಣೆಯಿಂದ.

ಇಳಿದಿದ್ದ ಅರ್ಧ ಸಿಟ್ಟು ದುಪ್ಪಟ್ಟಾಗಿ ವಾಪಸು ಬಂತು. ಮೇಸ್ತ್ರಿ ಸೆನ್ಸರ್ ತೊಳೆದು ಕೂರಿಸಿಕೊಟ್ಟ ಮೇಲೆ, ಮನೆಗೆ ಬರುವ ದಾರಿಯಲ್ಲಿ ಕನ್ನಡದ ಪರವಾಗಿ ನಾನು ಏನೇನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ಭಾನುವಾರ ಟೆರೇಸಿನಿಂದ ಕರಿ ಡಬ್ಬಿ ಇಳಿದು ಬಂತು. ಅತ್ತೆ ಮೆಣಸಿನ ಸಸಿಗಳನ್ನು ಒಂದೊಂದಾಗಿ ಕಿತ್ತು ಬೇರೆ ಕಡೆ ನೆಡುತ್ತ, ಕಾಯಿ ಬಿಡುವ ಹೊತ್ತಿಗೇ ಕೀಳಿಸಿದಿರಿ ಎಂದು ನಮ್ಮಿಬ್ಬರನ್ನೂ ಸಮನಾಗಿ ಬೈದರು. ಡಬ್ಬಿ ತೊಳೆದು ಒಣಗಿಸಿ, ಹೊಸ ಕಾಗದದ ಫಿಲ್ಟರ್ ಹಾಕಿ ಜೋಡಿಸಿದ್ದಾಯಿತು. ಕಾರು ಮೊದಲಿನ ಹಾಗೆ ಸದ್ದಿಲ್ಲದೆ ಹೋಗತೊಡಗಿತು. ಬಸ್ಸಿನ ಮಾತನ್ನು ಯಾರೂ ಎತ್ತಲಿಲ್ಲ. ಕ್ಷಮೆ ಗಿಮೆ ಕೇಳುವ ರೂಢಿ ನಮ್ಮ ಮನೆಯಲ್ಲಿಲ್ಲ. ಬೀಗದ ಕೈಯನ್ನು ತಂದು ನನ್ನ ವ್ಯಾನಿಟಿ ಬ್ಯಾಗಿನ ಪಕ್ಕ ಇಟ್ಟರು, ಅಷ್ಟೇ.

ಸೋಮವಾರ ಏಳೂವರೆಗೆ ಕಾರು ಸ್ಟಾರ್ಟ್ ಮಾಡಿದೆ. ಹೆಂಗಸರು ಗೆದ್ದ ದಿನ ಹೇಗಿರುತ್ತದೋ ಹಾಗಿತ್ತು. ಅಷ್ಟರಲ್ಲಿ ಎಡಗಡೆಯ ಬಾಗಿಲು ತೆರೆಯಿತು. ನಮ್ಮನೆಯವರು ಸ್ವೆಟರ್ ಹಾಕಿಕೊಂಡು, ಕೈಯಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು, ಪೆನ್ನು, ಸ್ಕೇಲು ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತರು. ಸೆನ್ಸರ್ ಸರಿಯಾಗಿದೆಯೋ ಇಲ್ಲವೋ ಎಂದು ಒಂದು ತಿಂಗಳು ಪ್ರತಿದಿನ ಬೆಳಿಗ್ಗೆ ಬರೆದಿಡುವುದಂತೆ. ಶಾಲೆಯವರೆಗೆ ಬಂದು ಬಸ್ಸಿನಲ್ಲಿ ವಾಪಸಾದರೆ ಕಾಲೇಜಿಗೆ ಸರಿಯಾಗುತ್ತದಂತೆ. ಮೊದಲ ಪುಟದಲ್ಲಿ ಆಗಲೇ ಗೆರೆ ಹೊಡೆದು ಕಾಲಂ ಮಾಡಿಯಾಗಿತ್ತು.

ನಾನು ಇಂಜಿನ್ ಆಫ್ ಮಾಡಿದೆ. ಇಳಿಯಿರಿ ಎಂದೆ. ಅವರಿಗೆ ಗಾಬರಿಯಾಯಿತು. ಕಾಲು ನೋಡುವುದಿಲ್ಲ, ಬರೀ ಮೀಟರ್ ನೋಡುತ್ತೇನೆ ಎಂದು ಪ್ರಮಾಣ ಮಾಡಿದರು.

“ಕಾರಿನ ಸುದ್ದಿ ಅಲ್ಲ” ಎಂದೆ. “ಬೆಳಗಿಂದ ರಾತ್ರಿವರೆಗೆ ಯಾರಾರೂ ಕರಿತಾನೇ ಇರ್ತ. ಈ ನಲ್ವತ್ತು ನಿಮಿಷ ಮಾತ್ರ ಯನ್ನ ಯಾರೂ ಕರಿತ್ವಿಲ್ಲೆ. ಅದು ಯಂಗೆ ಬೇಕು.”

ಅವರು ನೋಟ್‌ಬುಕ್ಕಿನ ಕಾಲಂಗಳನ್ನು ನೋಡುತ್ತ ಕೂತರು.

“ಯಾರೂ ಅಂದ್ರೆ, ಆನೂ ಸೇರಿ?”

“ನಿಂಗನೂ ಸೇರಿ.”

ಪೆನ್ನಿನ ಟೊಪ್ಪಿ ಹಾಕಿ, ಅದನ್ನು ಜೇಬಿಗೆ ಸಿಕ್ಕಿಸಿಕೊಂಡು ಇಳಿದರು. ಹೋಗಿ ಗೇಟು ತೆರೆದು ನಿಂತರು. ನಾನು ದಾಟುವಾಗ ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡರು. ಮದುವೆಯಾಗಿ ಹದಿಮೂರು ವರ್ಷಕ್ಕೆ, ಕರೆಯಬೇಕೆನಿಸಿದರೂ ಅವರು ನನ್ನನ್ನು ಕರೆಯದೆ ಬಿಟ್ಟದ್ದು ಅದೇ ಮೊದಲು. ಹೆದ್ದಾರಿ ಮುಟ್ಟುವವರೆಗೂ ಅವರ ಮೇಲೆ ನನಗೆ ವಿಪರೀತ ಪ್ರೀತಿ ಉಕ್ಕಿ ಬಂತು. ಆಮೇಲೆ ಅವರನ್ನೂ ಮರೆತೆ.